ಧ್ವನಿಮುದ್ರಿತ ಪಠ್ಯ ಮತ್ತು ಅದರ ಮರುವಾಚನ: ಸ್ಟುಡಿಯೋದಲ್ಲಿ ಗಿಟಾರ್ ಪೆಡಲ್ ಹಾಗೂ ಆಂಪ್ಲಿಫೈಯರ್

೧

ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತವನ್ನು ಕುರಿತು ಬರೆಯುವವರು ಹಾಡಿನ ಸಾಹಿತ್ಯ, ಗಾಯಕನ ವ್ಯಕ್ತಿತ್ವ ಹಾಗೂ ಆ ಸಂಗೀತವನ್ನು ಹುಟ್ಟಿಸಿದ ಸಮಾಜ ಎಂಬ ಮೂರು ನೆಲೆಗಳನ್ನು ಸಾಮಾನ್ಯವಾಗಿ ಆಶ್ರಯಿಸುತ್ತಾರೆ. ಅದು ಯಾವ ನಾದರೂಪದಲ್ಲಿ ನಮ್ಮ ಕಿವಿಯನ್ನು ತಲಪುತ್ತದೆಯೋ ಆ ರೂಪ ಸಿದ್ಧವಾಗುವ ಬಗೆಯನ್ನು ತಂತ್ರಜ್ಞರ ವಿಷಯವೆಂದು ಬದಿಗಿರಿಸುವುದು ವಾಡಿಕೆ. ಆದರೆ ಧ್ವನಿಮುದ್ರಣವೇ ಕೃತಿಯ ಅಂತಿಮ ರೂಪವಾಗಿರುವ ಸಂಗೀತದಲ್ಲಿ ತಂತ್ರದ ಆಯ್ಕೆಗಳು ಅರ್ಥದ ಆಯ್ಕೆಗಳೂ ಆಗಿರುತ್ತವೆ. ಅಂಥ ಒಂದು ಆಯ್ಕೆಯನ್ನು ವಿಮರ್ಶೆಯ ಪರಿಧಿಯೊಳಗೆ ತಂದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಮ್ಮೆ ಮುದ್ರಿತವಾದ ಟ್ರ್ಯಾಕನ್ನು ಸ್ಟುಡಿಯೋದ ಯಂತ್ರದಿಂದ ಮತ್ತೆ ಹೊರಗೆ ಕಳುಹಿಸಿ, ಗಿಟಾರ್ ವಾದಕರು ಕಾಲಬಳಿ ಇಟ್ಟುಕೊಳ್ಳುವ ಪೆಡಲುಗಳ ಮೂಲಕ ಹಾಯಿಸಿ, ಆಂಪ್ಲಿಫೈಯರಿನ ಸ್ಪೀಕರಿನಿಂದ ನುಡಿಸಿ, ಹಾಗೆ ನುಡಿದುದನ್ನು ಮೈಕಿನ ಮೂಲಕ ಇನ್ನೊಂದು ಟ್ರ್ಯಾಕಿನಲ್ಲಿ ಮುದ್ರಿಸಿಕೊಳ್ಳುವ ಕ್ರಮವೊಂದಿದೆ. ಸ್ಟುಡಿಯೋಗಳ ಮಾತಿನಲ್ಲಿ ಇದಕ್ಕೆ ‘ರೀಆಂಪಿಂಗ್’ ಎಂದು ಹೆಸರು. ಹೀಗೆ ಮಾಡಬೇಕಾದರೆ ವಾದಕನ ಗಿಟಾರಿನಿಂದ ಬಂದ ವಿದ್ಯುತ್ ಸಂಕೇತವನ್ನು ಆಂಪ್ಲಿಫೈಯರಿನ ಬಣ್ಣ ಹತ್ತದಂತೆ ಮೊದಲು ನೇರವಾಗಿ ಮುದ್ರಿಸಿಟ್ಟುಕೊಂಡಿರಬೇಕು. ಹೀಗೆ ಪಡೆದ ಟ್ರ್ಯಾಕನ್ನು ಈ ಲೇಖನದಲ್ಲಿ ‘ನೇರ ಟ್ರ್ಯಾಕು’ ಎಂದು ಕರೆಯಲಾಗಿದೆ.

ಈ ಕ್ರಮವನ್ನು ಕುರಿತು ಪ್ರಚಲಿತವಿರುವ ಗ್ರಹಿಕೆ ಸರಳವಾದುದು: ನೇರ ಟ್ರ್ಯಾಕೇ ಮೂಲಕೃತಿ, ಪೆಡಲು, ಆಂಪ್ಲಿಫೈಯರುಗಳು ಅದಕ್ಕೆ ಆಮೇಲೆ ತೊಡಿಸುವ ಅಲಂಕಾರ, ಒಡವೆಯನ್ನು ತೆಗೆದು ಬೇರೊಂದನ್ನು ತೊಡಿಸಿದರೆ ದೇಹಕ್ಕೇನೂ ಕುಂದಿಲ್ಲ. ಅಲಂಕಾರವೆಂಬುದು ಕಾವ್ಯದ ಹೊರಗಿನ ತೊಡಿಗೆಯೋ ಅಥವಾ ಕಾವ್ಯಶರೀರದಿಂದ ಬೇರ್ಪಡಿಸಲಾಗದ ಗುಣವೋ ಎಂಬ ಚರ್ಚೆ ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ. ಅದೇ ಪ್ರಶ್ನೆ ಇಲ್ಲಿ ವಿದ್ಯುತ್ ಸಂಕೇತಗಳ ಲೋಕದಲ್ಲಿ ಎದುರಾಗುತ್ತದೆ. ನೇರ ಟ್ರ್ಯಾಕು ನಿರ್ಮಲವಾದ ಮೂಲವಲ್ಲ, ರೀಆಂಪಿಂಗ್ ಬರಿಯ ಅಲಂಕರಣವೂ ಅಲ್ಲ. ಅದು ಒಂದು ಪಠ್ಯದ ಮರುವಾಚನ, ಆದುದರಿಂದ ಅದಕ್ಕೆ ವಾಚನದ ಹೊಣೆಗಾರಿಕೆಯೂ ಉಂಟು ಎಂಬುದನ್ನು ಮುಂದಿನ ಪುಟಗಳಲ್ಲಿ ಪ್ರತಿಪಾದಿಸಲಾಗಿದೆ.

೨

ಮೊದಲು ಸಂಕೇತದ ಸ್ವರೂಪವನ್ನು ಅರಿಯುವುದು ಅವಶ್ಯ. ವಿದ್ಯುತ್ ಗಿಟಾರಿನ ತಂತಿಯ ಕಂಪನವನ್ನು ಅದರ ಕೆಳಗಿರುವ ಅಯಸ್ಕಾಂತ ಹಾಗೂ ತಾಮ್ರದ ಸುರುಳಿ, ಅಂದರೆ ಪಿಕಪ್, ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಈ ಸಂಕೇತ ಬಹಳ ದುರ್ಬಲವಾದುದು. ಅದರ ಇಂಪೀಡೆನ್ಸ್, ಎಂದರೆ ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ಒಟ್ಟು ತಡೆ, ಹೆಚ್ಚಿನ ಮಟ್ಟದ್ದು. ಆದ್ದರಿಂದಲೇ ಗಿಟಾರ್ ಆಂಪ್ಲಿಫೈಯರುಗಳ ಪ್ರವೇಶದ್ವಾರವನ್ನು ಸಾಮಾನ್ಯವಾಗಿ ಹತ್ತು ಲಕ್ಷ ಓಮ್‌ನಷ್ಟು ಇಂಪೀಡೆನ್ಸಿಗೆ ರೂಪಿಸಿರುತ್ತಾರೆ. ಸ್ಟುಡಿಯೋ ಯಂತ್ರದಿಂದ ಹೊರಬರುವ ಸಂಕೇತದ ಸ್ವಭಾವ ಇದಕ್ಕೆ ವಿರುದ್ಧವಾದುದು. ವೃತ್ತಿಪರ ಉಪಕರಣಗಳಲ್ಲಿ ಅದರ ನಿರ್ದಿಷ್ಟ ಮಟ್ಟ ೧.೨೩ ವೋಲ್ಟ್; ಇಂಪೀಡೆನ್ಸ್ ಕೆಲವು ನೂರು ಓಮ್ ಅಥವಾ ಅದಕ್ಕೂ ಕಡಿಮೆ. ಇದನ್ನು ಹಾಗೆಯೇ ಪೆಡಲಿಗೆ ಕೊಟ್ಟರೆ ಪೆಡಲಿನ ಮೇಲೆ ಮಿತಿಮೀರಿದ ಸಂಕೇತವನ್ನು ಹೇರಿದಂತಾಗುತ್ತದೆ. ಜೊತೆಗೆ ಎರಡು ಉಪಕರಣಗಳ ಭೂಸಂಪರ್ಕ ಒಂದಕ್ಕೊಂದು ಕೂಡಿಕೊಂಡು ಗುಂಯ್‌ಗುಡುವ ಶಬ್ದವೂ ಸೇರಿಕೊಳ್ಳುತ್ತದೆ.

ಈ ಎರಡು ಸ್ವಭಾವಗಳ ನಡುವೆ ಸೇತುವೆಯಾಗಿ ನಿಲ್ಲುವುದು ರೀಆಂಪ್ ಪೆಟ್ಟಿಗೆ. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಎರಡು ಕಡೆಯ ಭೂಸಂಪರ್ಕವನ್ನು ಬೇರ್ಪಡಿಸುತ್ತದೆ. ಸಂಕೇತದ ಮಟ್ಟವನ್ನು ಇಳಿಸಿ, ಇಂಪೀಡೆನ್ಸನ್ನು ಏರಿಸಿ, ಗಿಟಾರಿನ ಸಂಕೇತಕ್ಕೆ ಸಮೀಪವಾದುದನ್ನು ಪೆಡಲಿಗೆ ಒಪ್ಪಿಸುವ ಏರ್ಪಾಟು ಅದರಲ್ಲಿರುತ್ತದೆ. ಅಮೆರಿಕದ ಧ್ವನಿತಂತ್ರಜ್ಞ ಜಾನ್ ಕ್ಯೂನಿಬರ್ಟಿ ೧೯೯೦ರ ದಶಕದಲ್ಲಿ ಇದನ್ನೊಂದು ಉಪಕರಣವಾಗಿ ರೂಪಿಸಿ ‘ರೀಆಂಪ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಗಿಟಾರ್ ವಾದಕ ಜೋ ಸಾಟ್ರಿಯಾನಿಯ ೧೯೮೭ರ ‘ಸರ್ಫಿಂಗ್ ವಿತ್ ದಿ ಏಲಿಯನ್’ ಧ್ವನಿಸಂಪುಟದ ನಿರ್ಮಾಣದಲ್ಲಿ ಅವರು ಪಾಲುಗೊಂಡಿದ್ದವರು. ಒಂದು ಸರಕಿನ ಹೆಸರಾಗಿದ್ದ ಪದವು ಮುಂದೆ ಇಡೀ ಕ್ರಮಕ್ಕೇ ಹೆಸರಾಯಿತು. ಆ ಉಪಕರಣ ಈಗ ಕೆನಡಾದ ರೇಡಿಯಲ್ ಎಂಜಿನಿಯರಿಂಗ್ ಸಂಸ್ಥೆಯ ಪಾಲಿಗೆ ಬಂದಿದೆ.

ಸೇತುವೆಯೊಂದು ದೊರೆತ ಮಾತ್ರಕ್ಕೆ ಎರಡು ದಡಗಳು ಒಂದೇ ಆಗುವುದಿಲ್ಲವೆಂಬುದು ಗಮನಾರ್ಹ. ಪಿಕಪ್ಪಿನ ಸುರುಳಿ, ಅದಕ್ಕೆ ಜೋಡಿಸಿದ ಕೇಬಲ್ ಹಾಗೂ ಪೆಡಲಿನ ಪ್ರವೇಶದ್ವಾರ ಈ ಮೂರೂ ಕೂಡಿ ಒಂದೇ ವಿದ್ಯುನ್ಮಂಡಲವಾಗಿ ವರ್ತಿಸುತ್ತವೆ. ಇದಕ್ಕೆ ೧೯೬೬ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ‘ಫಜ್ ಫೇಸ್’ ಪೆಡಲು ಒಳ್ಳೆಯ ನಿದರ್ಶನ. ಅದರ ಪ್ರವೇಶದ್ವಾರದ ಇಂಪೀಡೆನ್ಸ್ ಬಹಳ ಕಡಿಮೆಯಾದುದರಿಂದ ಅದು ಪಿಕಪ್ಪಿನ ಮೇಲೆಯೇ ಭಾರ ಹೇರುತ್ತದೆ. ವಾದಕನು ಗಿಟಾರಿನ ಮೇಲಿನ ತಿರುಗುಗುಂಡಿಯನ್ನು ಒಂದಿಷ್ಟು ತಗ್ಗಿಸಿದರೆ ಬಿರುಸಾದ ನಾದ ಒಮ್ಮೆಗೇ ತಿಳಿಯಾಗುತ್ತದೆ. ನೇರ ಟ್ರ್ಯಾಕನ್ನು ಅದೇ ಪೆಡಲಿಗೆ ಕೊಟ್ಟಾಗ ಈ ಸೂಕ್ಷ್ಮ ಸಂಬಂಧ ಇರುವುದಿಲ್ಲ. ಪಿಕಪ್ಪು ಯಾವ ಭಾರವನ್ನು ಹೊತ್ತು ನುಡಿಯಿತೆಂಬುದು ಮುದ್ರಣದ ಕ್ಷಣದಲ್ಲಿಯೇ ಸ್ಥಿರವಾಗಿಬಿಟ್ಟಿರುತ್ತದೆ. ನೇರ ಟ್ರ್ಯಾಕು ‘ಬಣ್ಣವಿಲ್ಲದ್ದು’ ಎಂಬ ಮಾತು ಹೀಗೆ ತಂತ್ರದ ನೆಲೆಯಲ್ಲಿಯೇ ಅಪೂರ್ಣ ಸತ್ಯ.

೩

ಮುದ್ರಿತ ಧ್ವನಿಯನ್ನು ಸ್ಪೀಕರಿನಿಂದ ಹೊರಡಿಸಿ ಮತ್ತೆ ಮೈಕಿನಿಂದ ಹಿಡಿಯುವ ಆಲೋಚನೆ ಆ ಪೆಟ್ಟಿಗೆಗಿಂತ ಬಹಳ ಹಳೆಯದು. ೧೯೪೭ರಲ್ಲಿ ಷಿಕಾಗೋದ ಯೂನಿವರ್ಸಲ್ ರೆಕಾರ್ಡಿಂಗ್‌ನಲ್ಲಿ ಬಿಲ್ ಪುಟ್ನಮ್ ಅವರು ಹಾರ್ಮೊನಿಕಾಟ್ಸ್ ತಂಡದ ‘ಪೆಗ್ ಓ ಮೈ ಹಾರ್ಟ್’ ಧ್ವನಿಮುದ್ರಿಕೆಗಾಗಿ ಸ್ನಾನಗೃಹವನ್ನೇ ಅನುರಣನದ ಕೋಣೆಯನ್ನಾಗಿ ಬಳಸಿದರು. ಮುಂದೆ ದೊಡ್ಡ ಸ್ಟುಡಿಯೋಗಳೆಲ್ಲ ಇಂಥ ಕೋಣೆಗಳನ್ನು ಕಟ್ಟಿಸಿಕೊಂಡವು. ೧೯೫೬ರಲ್ಲಿ ಪೂರ್ಣಗೊಂಡ ಹಾಲಿವುಡ್ಡಿನ ಕ್ಯಾಪಿಟಲ್ ಕಟ್ಟಡದ ನೆಲದಡಿಯ ಕೋಣೆಗಳು ಅವುಗಳಲ್ಲಿ ಪ್ರಸಿದ್ಧವಾದವು. ಇಲ್ಲಿ ಕೋಣೆಯೇ ಒಂದು ವಾದ್ಯ. ಸ್ಪೀಕರು ಅದನ್ನು ಮೀಟುವ ಬೆರಳು.

ಈ ಕ್ರಮದ ತಾತ್ವಿಕ ತುದಿಯನ್ನು ಮುಟ್ಟಿದವರು ಅಮೆರಿಕದ ಸಂಯೋಜಕ ಆಲ್ವಿನ್ ಲೂಸಿಯರ್. ೧೯೬೯ರ ತಮ್ಮ ‘ಐ ಆಮ್ ಸಿಟಿಂಗ್ ಇನ್ ಎ ರೂಮ್’ ಕೃತಿಯಲ್ಲಿ ಅವರು ತಮ್ಮ ಮಾತನ್ನು ಮುದ್ರಿಸಿ, ಅದನ್ನು ಕೋಣೆಯೊಳಗೆ ನುಡಿಸಿ ಮರುಮುದ್ರಿಸಿ, ಆ ಮರುಮುದ್ರಣವನ್ನು ಮತ್ತೆ ನುಡಿಸಿ ಮುದ್ರಿಸುತ್ತ ಹೋದರು. ಪ್ರತಿ ಆವೃತ್ತಿಯಲ್ಲಿಯೂ ಕೋಣೆಗೆ ಒಗ್ಗುವ ಸ್ವರಗಳು ಬಲಗೊಂಡು ಉಳಿದವು ಕುಗ್ಗುತ್ತವೆ. ಕೊನೆಗೆ ಮಾತಿನ ಅಕ್ಷರಗಳೆಲ್ಲ ಕರಗಿ, ಮಾತಿನ ಲಯವೊಂದನ್ನು ಬಿಟ್ಟರೆ ಕೋಣೆಯ ನಾದವಷ್ಟೇ ಉಳಿಯುತ್ತದೆ. ಸ್ಪೀಕರು, ಕೋಣೆ, ಮೈಕು ಇವು ಯಾವುವೂ ತಟಸ್ಥ ವಾಹಕಗಳಲ್ಲ. ಹಾದುಹೋಗುವ ಪ್ರತಿಯೊಂದು ಧ್ವನಿಯ ಮೇಲೂ ಅವು ತಮ್ಮ ಮಾತನ್ನು ಬರೆಯುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಪೆಡಲಿನ ಹುಟ್ಟಿನ ಕಥೆಯೂ ಇಲ್ಲಿ ಪ್ರಸ್ತುತ. ನ್ಯಾಷ್‌ವಿಲ್‌ನಲ್ಲಿ ಮುದ್ರಿತವಾಗಿ ೧೯೬೧ರಲ್ಲಿ ಜನಪ್ರಿಯವಾದ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನಲ್ಲಿ ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಭಾಗವು ಒಡಕು ದನಿಯಲ್ಲಿ ಕೇಳಿಸುತ್ತದೆ. ಅದಕ್ಕೆ ಕಾರಣ ಮಿಕ್ಸಿಂಗ್ ಕನ್ಸೋಲಿನ ಒಂದು ವಿಭಾಗದಲ್ಲಿದ್ದ ದೋಷ. ತಂತ್ರಜ್ಞ ಗ್ಲೆನ್ ಸ್ನಾಡಿ ಆ ದೋಷದ ದನಿಯನ್ನೇ ಬೇಕೆಂದಾಗ ಹೊರಡಿಸುವ ಮಂಡಲವೊಂದನ್ನು ರೂಪಿಸಿದರು. ಅದು ಗಿಬ್ಸನ್ ಸಂಸ್ಥೆಯ ಮೂಲಕ ೧೯೬೨ರಲ್ಲಿ ‘ಮೇಸ್ಟ್ರೋ ಫಜ್-ಟೋನ್’ ಎಂಬ ಪೆಡಲಾಯಿತು. ೧೯೬೫ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಹಿತ್ತಾಳೆಯ ವಾದ್ಯಗಳು ನುಡಿಸಬೇಕಾಗಿದ್ದ ಭಾಗಕ್ಕೆ ಕರಡೆಂಬಂತೆ ಕೀತ್ ರಿಚರ್ಡ್ಸ್ ಇದೇ ಪೆಡಲನ್ನು ಬಳಸಿ ನುಡಿಸಿದರು. ಕರಡೇ ಕೃತಿಯಾಗಿ ನಿಂತಿತು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಲಿಪಿಕಾರನ ಸ್ಖಾಲಿತ್ಯವೊಂದು ಇಲ್ಲಿ ಸ್ವೀಕೃತ ಪಾಠವಾಗಿದೆ. ಗಿಟಾರ್ ಪೆಡಲು ವಾದ್ಯಗಾರನ ಅಂಗಳದಲ್ಲಿ ಹುಟ್ಟಿ ಸ್ಟುಡಿಯೋಕ್ಕೆ ಬಂದುದೆಂದು ನಾವು ಭಾವಿಸುತ್ತೇವೆ. ಆದರೆ ಈ ಫಜ್ ಪೆಡಲಿನ ಮಟ್ಟಿಗೆ ಅದು ಸ್ಟುಡಿಯೋದಲ್ಲಿಯೇ ಹುಟ್ಟಿ ವಾದಕನ ಕಾಲಬಳಿಗೆ ಹೋದದ್ದು. ಮುದ್ರಿತ ಟ್ರ್ಯಾಕಿಗೆ ಪೆಡಲು ಜೋಡಿಸುವುದು ಆ ಅರ್ಥದಲ್ಲಿ ತವರಿಗೆ ಮರಳುವುದೇ ಆಗಿದೆ.

ಒಡಕು ದನಿಯನ್ನು ಬಯಸಿ ಪಡೆಯುವುದು ಪಾಶ್ಚಾತ್ಯರ ವಿಚಿತ್ರ ಅಭಿರುಚಿಯೆಂದು ಎಣಿಸಬೇಕಾಗಿಲ್ಲ. ನಮ್ಮ ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಸೇರಿಸುವ ನೂಲಿನ ಎಳೆ, ಅಂದರೆ ಜೀವಾಳಿ, ಮಾಡುವ ಕೆಲಸವೂ ಇಂಥದೇ. ತಂತಿ ಕುದುರೆಯ ಬಾಗಿದ ಮೈಯನ್ನು ಒರೆಸುತ್ತ ಕಂಪಿಸಿದಾಗ ಮೂಲಸ್ವರದ ಜೊತೆ ಉಪಸ್ವರಗಳು ತುಂಬಿಬರುತ್ತವೆ. ಸಿ.ವಿ. ರಾಮನ್ ಅವರು ೧೯೨೧ರಲ್ಲಿಯೇ ಈ ವಿದ್ಯಮಾನದತ್ತ ವಿಜ್ಞಾನಿಗಳ ಗಮನ ಸೆಳೆದಿದ್ದರು. ಆ ನೂಲಿಗೆ ‘ಜೀವ’ದ ಹೆಸರಿಟ್ಟವರು ಅದನ್ನು ಅಲಂಕಾರವೆಂದು ಎಣಿಸಿರಲಾರರು.

೪

ಈಗ ಮುಖ್ಯ ಪ್ರಶ್ನೆಗೆ ಬರೋಣ. ನುಡಿಸುವ ಕೈಯನ್ನೂ ಕೇಳಿಸುವ ಕಂಠವನ್ನೂ ಬೇರ್ಪಡಿಸಬಹುದೆ?

ವಿದ್ಯುತ್ ಗಿಟಾರಿನಲ್ಲಿ ತಂತಿಗೂ ಆಂಪ್ಲಿಫೈಯರಿಗೂ ಇರುವ ಸಂಬಂಧ ಒಮ್ಮುಖವಾದುದಲ್ಲ. ಆಂಪ್ಲಿಫೈಯರಿನ ಗಟ್ಟಿಯಾದ ದನಿ ಗಾಳಿಯ ಮೂಲಕ ಮರಳಿ ಬಂದು ತಂತಿಯನ್ನೇ ಕಂಪಿಸುವಂತೆ ಮಾಡುತ್ತದೆ. ಇದೇ ಫೀಡ್‌ಬ್ಯಾಕ್. ಬೀಟಲ್ಸ್ ತಂಡದ ೧೯೬೪ರ ‘ಐ ಫೀಲ್ ಫೈನ್’ ಹಾಡಿನ ಆರಂಭದ ನಾದ ಹೀಗೆ ಹುಟ್ಟಿದ್ದು. ಜಿಮಿ ಹೆಂಡ್ರಿಕ್ಸ್ ಅದನ್ನೊಂದು ಪೂರ್ಣ ಪ್ರಮಾಣದ ಅಭಿವ್ಯಕ್ತಿಯಾಗಿ ಬೆಳೆಸಿದರು. ಮುದ್ರಿತ ಟ್ರ್ಯಾಕನ್ನು ಆಂಪ್ಲಿಫೈಯರಿನಿಂದ ನುಡಿಸಿದಾಗ ಆ ದನಿಯನ್ನು ಮರಳಿ ಪಡೆಯುವ ತಂತಿಯೇ ಎದುರಿಗೆ ಇರುವುದಿಲ್ಲ. ಆಂಪ್ಲಿಫೈಯರು ಎಷ್ಟು ಗಟ್ಟಿಯಾಗಿ ಕೂಗಿದರೂ ಟ್ರ್ಯಾಕು ಅದಕ್ಕೆ ಓಗೊಡುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸುತ್ತು ವಾದಕನ ಕಿವಿಯ ಮೂಲಕ ಹಾದುಹೋಗುತ್ತದೆ. ಬಿರುಸಾದ ಫಜ್ ದನಿಯನ್ನು ಕೇಳುತ್ತ ನುಡಿಸುವವನು ಸ್ವರಗಳ ನಡುವೆ ಹೆಚ್ಚು ತೆರಪು ಬಿಡುತ್ತಾನೆ. ಒಂದೇ ಸ್ವರ ದೀರ್ಘವಾಗಿ ನಿಲ್ಲುವುದರಿಂದ ಅದನ್ನು ಕಾಯುತ್ತಾನೆ. ಬೇಡದ ತಂತಿಗಳನ್ನು ಅಂಗೈಯಿಂದ ಅದುಮಿ ಹಿಡಿಯುತ್ತಾನೆ. ಪ್ರತಿಧ್ವನಿಯ ಪೆಡಲನ್ನು ಕೇಳುತ್ತ ನುಡಿಸುವವನು ಮರಳಿ ಬರುವ ದನಿಗೆ ಜಾಗ ಬಿಟ್ಟು ತನ್ನ ಮುಂದಿನ ಸ್ವರವನ್ನು ಇಡುತ್ತಾನೆ. ಈ ಕಾಯುವಿಕೆ, ಈ ಅದುಮುವಿಕೆ ಎಲ್ಲವೂ ನೇರ ಟ್ರ್ಯಾಕಿನಲ್ಲಿ ಅಚ್ಚೊತ್ತಿರುತ್ತವೆ. ಅಂದರೆ ಆಂಪ್ಲಿಫೈಯರಿನ ದನಿ ಅಲ್ಲಿ ಮುದ್ರಿತವಾಗದಿದ್ದರೂ ಆ ದನಿಗೆ ಕೈ ಕೊಟ್ಟ ಉತ್ತರ ಮುದ್ರಿತವಾಗಿರುತ್ತದೆ. ದೂರವಾಣಿಯಲ್ಲಿ ಮಾತಾಡುವವರ ಒಂದು ಕಡೆಯ ಮಾತನ್ನಷ್ಟೇ ಕೇಳಿಸಿಕೊಂಡಾಗಲೂ ಆಚೆಯವರು ಏನೆಂದರೆಂಬುದನ್ನು ಊಹಿಸುವಂತೆ, ನೇರ ಟ್ರ್ಯಾಕನ್ನು ಲಕ್ಷ್ಯವಿಟ್ಟು ಕೇಳಿದರೆ ವಾದಕನು ಆಗ ಯಾವ ಬಗೆಯ ದನಿಯನ್ನು ಕೇಳುತ್ತಿದ್ದನೆಂದು ಬಹುಮಟ್ಟಿಗೆ ಊಹಿಸಬಹುದು.

ಈ ಅಂಶವನ್ನು ಒಪ್ಪಿದರೆ ನೇರ ಟ್ರ್ಯಾಕು ‘ಶುದ್ಧ ಮೂಲ’ ಎಂಬ ಕಲ್ಪನೆ ನಿಲ್ಲುವುದಿಲ್ಲ. ಅದು ಒಂದು ಸಂವಾದದ ಅರ್ಧಭಾಗ. ಅದಕ್ಕೆ ಬೇರೆಯ ಪೆಡಲು, ಬೇರೆಯ ಆಂಪ್ಲಿಫೈಯರನ್ನು ಜೋಡಿಸುವುದೆಂದರೆ ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದು ಪ್ರಶ್ನೆಯ ಮುಂದಿಡುವುದು. ಕೆಲವೊಮ್ಮೆ ಇದರಿಂದ ಅನಿರೀಕ್ಷಿತವಾದ ಅರ್ಥ ಹೊಳೆಯಬಹುದು. ಹಲವು ಬಾರಿ ಪ್ರಶ್ನೆ ಒಂದು ಕಡೆ, ಉತ್ತರ ಇನ್ನೊಂದು ಕಡೆ ಆಗುವುದೂ ಉಂಟು. ಬಿಡಿಬಿಡಿಯಾದ ದನಿಯನ್ನು ಕೇಳುತ್ತ ಚುರುಕಾಗಿ ನುಡಿಸಿದ ಭಾಗಕ್ಕೆ ಆಮೇಲೆ ದಟ್ಟವಾದ ಫಜ್ ತೊಡಿಸಿದಾಗ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುವುದನ್ನು ಯಾರೂ ಗುರುತಿಸಬಲ್ಲರು. ಅನುಭವಿ ತಂತ್ರಜ್ಞರು ಸಂಕೇತವನ್ನು ಎರಡಾಗಿ ಸೀಳಿ, ಒಂದನ್ನು ಆಂಪ್ಲಿಫೈಯರಿಗೂ ಇನ್ನೊಂದನ್ನು ನೇರ ಮುದ್ರಣಕ್ಕೂ ಏಕಕಾಲದಲ್ಲಿ ಕಳುಹಿಸುವುದರ ಹಿಂದಿನ ವಿವೇಕ ಇದೇ. ವಾದಕ ತನಗೆ ಬೇಕಾದ ದನಿಯನ್ನು ಕೇಳುತ್ತಲೇ ನುಡಿಸುತ್ತಾನೆ. ಆ ದನಿಯ ಸಾಕ್ಷ್ಯವೂ ಉಳಿಯುತ್ತದೆ.

೫

ಹಾಗಾದರೆ ರೀಆಂಪಿಂಗ್ ಕೇವಲ ನಷ್ಟದ ವ್ಯವಹಾರವೇ? ಅಲ್ಲ. ಅದನ್ನು ಅರ್ಥಪೂರ್ಣವಾಗಿ ನಡೆಸಿದವರ ಕೆಲಸವನ್ನು ನೋಡಿದರೆ ಅದರ ನಿಜವಾದ ಸ್ವರೂಪ ತಿಳಿಯುತ್ತದೆ. ಈ ಸಂದರ್ಭದಲ್ಲಿ ನಮ್ಮ ಗಮಕ ಕಲೆಯ ಹೋಲಿಕೆ ಉಪಯುಕ್ತವಾದೀತು. ಕುಮಾರವ್ಯಾಸನ ಷಟ್ಪದಿಯನ್ನು ವಾಚಿಸುವ ಗಮಕಿಯು ಪಠ್ಯವನ್ನು ತಿದ್ದುವುದಿಲ್ಲ. ಆದರೆ ಯಾವ ರಾಗ, ಎಲ್ಲಿ ನಿಲುಗಡೆ, ಯಾವ ಪದಕ್ಕೆ ಒತ್ತು, ಎಲ್ಲಿ ವೇಗ ಎಂಬ ಆಯ್ಕೆಗಳಿಂದ ಆ ಪಠ್ಯ ಅಂದಿನ ಸಭೆಗೆ ಹೊಸದಾಗಿ ತೆರೆದುಕೊಳ್ಳುತ್ತದೆ. ವಾಚನವು ಪಠ್ಯಕ್ಕೆ ಅಧೀನವಾಗಿದ್ದೂ ಸ್ವತಂತ್ರವಾದುದು.

ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಲೀ ‘ಸ್ಕ್ರ್ಯಾಚ್’ ಪೆರಿ ೧೯೭೩ರಲ್ಲಿ ತಮ್ಮ ಮನೆಯ ಹಿತ್ತಲಲ್ಲಿ ಕಟ್ಟಿದ ‘ಬ್ಲ್ಯಾಕ್ ಆರ್ಕ್’ ಸ್ಟುಡಿಯೋ ಈ ದೃಷ್ಟಿಯಿಂದ ಮಹತ್ವದ್ದು. ಅಲ್ಲಿದ್ದುದು ನಾಲ್ಕೇ ಟ್ರ್ಯಾಕುಗಳ ಟೇಪ್ ಯಂತ್ರ. ಜಾಗ ಸಾಲದಾದಾಗ ತುಂಬಿದ ಟ್ರ್ಯಾಕುಗಳನ್ನು ಕೂಡಿಸಿ ಮತ್ತೆ ಮುದ್ರಿಸಿ ಸ್ಥಳ ಮಾಡಿಕೊಳ್ಳಬೇಕಾಗಿತ್ತು. ಹೀಗೆ ಮುದ್ರಿತ ಧ್ವನಿಯನ್ನು ಪೆರಿ ರೋಲ್ಯಾಂಡ್ ಸಂಸ್ಥೆಯ ‘ಸ್ಪೇಸ್ ಎಕೋ’ ಎಂಬ ಟೇಪ್ ಪ್ರತಿಧ್ವನಿ ಯಂತ್ರದ ಮೂಲಕವೂ ಮ್ಯೂಟ್ರಾನ್ ‘ಬೈ-ಫೇಸ್’ ಎಂಬ ಫೇಸರ್ ಉಪಕರಣದ ಮೂಲಕವೂ ಹಾಯಿಸುತ್ತಿದ್ದರು. ಎರಡನೆಯದು ವಾದಕರು ಕಾಲಿನಿಂದ ನಿಯಂತ್ರಿಸಲೆಂದು ತಯಾರಾದ ಉಪಕರಣ. ಹಾಡು ಸಾಗುತ್ತಿರುವಾಗಲೇ ಗುಂಡಿಗಳನ್ನು ತಿರುಗಿಸುತ್ತ ಆ ಕ್ಷಣದ ತೀರ್ಮಾನವನ್ನು ಟೇಪಿಗೆ ಒಪ್ಪಿಸುವುದು ಅವರ ರೀತಿ. ೧೯೭೬ರ ‘ಸೂಪರ್ ಏಪ್’, ೧೯೭೭ರ ಕಾಂಗೋಸ್ ತಂಡದ ‘ಹಾರ್ಟ್ ಆಫ್ ದಿ ಕಾಂಗೋಸ್’ ಧ್ವನಿಸಂಪುಟಗಳಲ್ಲಿ ಗಿಟಾರು, ತಾಳವಾದ್ಯಗಳೆಲ್ಲ ನೀರಿನಡಿಯಿಂದ ಎದ್ದು ಬಂದಂತೆ ಕೇಳಿಸುವುದಕ್ಕೆ ಈ ರೀತಿಯೇ ಕಾರಣ. ಇಲ್ಲಿ ಪೆಡಲು ವಾದಕನ ಕಾಲಿನಿಂದ ತಂತ್ರಜ್ಞನ ಕೈಗೆ ಬಂದಿದೆ. ಆ ಕೈ ಸ್ವತಃ ನುಡಿಸುವ ಕೈಯಾಗಿದೆ. ಕಡಿದುಹೋದ ಸುತ್ತು ಮತ್ತೆ ಕೂಡಿಕೊಳ್ಳುತ್ತದೆ. ವಾದಕನ ಕಿವಿಯ ಸ್ಥಾನದಲ್ಲಿ ಈಗ ತಂತ್ರಜ್ಞನ ಕಿವಿ ಇದೆ.

ಇದಕ್ಕೂ ಹಿಂದೆ, ೧೯೬೬ರಲ್ಲಿ, ಬೀಟಲ್ಸ್ ತಂಡದ ‘ಟುಮಾರೋ ನೆವರ್ ನೋಸ್’ ಹಾಡಿನ ಉತ್ತರಾರ್ಧದಲ್ಲಿ ಜಾನ್ ಲೆನನ್ ಅವರ ಕಂಠವನ್ನು ಹ್ಯಾಮಂಡ್ ಆರ್ಗನ್ನಿಗೆ ಮೀಸಲಾಗಿದ್ದ ಲೆಸ್ಲಿ ಎಂಬ ತಿರುಗುವ ಸ್ಪೀಕರಿನಿಂದ ಹೊರಡಿಸಲಾಗಿತ್ತು. ದೂರದ ಪರ್ವತಶಿಖರದಿಂದ ಕೇಳಿಬರುವ ದನಿಯಂತಿರಬೇಕೆಂಬ ಗಾಯಕನ ಬಯಕೆಗೆ ತಂತ್ರಜ್ಞ ಜೆಫ್ ಎಮೆರಿಕ್ ಹುಡುಕಿದ ಪರಿಹಾರವದು. ಒಂದು ವಾದ್ಯದ ಆಂಪ್ಲಿಫೈಯರು ಇನ್ನೊಂದು ಧ್ವನಿಗೆ ದೇಹವಾಗಬಲ್ಲದೆಂಬ ಅರಿವು ಅಲ್ಲಿ ಸ್ಪಷ್ಟವಾಯಿತು. ೧೯೯೦ರ ದಶಕದಲ್ಲಿ ಚ್ಯಾಡ್ ಬ್ಲೇಕ್ ಈ ಅರಿವನ್ನು ಮತ್ತಷ್ಟು ವಿಸ್ತರಿಸಿದರು. ಟೆಕ್ ೨೧ ಸಂಸ್ಥೆ ಗಿಟಾರಿಗಾಗಿ ತಯಾರಿಸಿದ ‘ಸಾನ್ಸ್‌ಆಂಪ್’ ಪೆಡಲನ್ನು ಅವರು ಮಿಕ್ಸಿಂಗಿನ ಹೊತ್ತಿನಲ್ಲಿ ಮುದ್ರಿತ ಡ್ರಮ್ಮು, ಬಾಸು, ಕಂಠಗಳಿಗೆ ಬಳಸಿದರು. ೧೯೯೪ರ ‘ಲ್ಯಾಟಿನ್ ಪ್ಲೇಬಾಯ್ಸ್’ ಧ್ವನಿಸಂಪುಟಕ್ಕೆ ಆಧಾರವಾದದ್ದು ಡೇವಿಡ್ ಹಿಡಾಲ್ಗೋ ಮನೆಯಲ್ಲಿ ಮಾಡಿಕೊಂಡಿದ್ದ ನಾಲ್ಕು ಟ್ರ್ಯಾಕಿನ ಟೇಪುಗಳು. ಬ್ಲೇಕ್ ಸ್ವತಃ ಆ ತಂಡದ ಸದಸ್ಯರಲ್ಲೊಬ್ಬರು. ಮನೆಯ ಕರಡಿನ ಒರಟುತನವನ್ನು ಒರೆಸಿಹಾಕದೆ ಅದನ್ನೇ ಕೃತಿಯ ಶೈಲಿಯಾಗಿ ಬೆಳೆಸಿದುದು ಅಲ್ಲಿನ ವಿಶೇಷ.

ಈ ಉದಾಹರಣೆಗಳಲ್ಲಿ ಸಮಾನವಾದ ಒಂದು ಗುಣವುಂಟು. ಪೆರಿ, ಎಮೆರಿಕ್, ಬ್ಲೇಕ್ ಮೂವರೂ ಮುದ್ರಿತ ಧ್ವನಿಯಲ್ಲಿ ಏನು ಅಡಗಿದೆಯೆಂದು ಕೇಳಿ, ಅದಕ್ಕೆ ತಕ್ಕ ಉಪಕರಣವನ್ನು ಆರಿಸಿ, ಆಯ್ಕೆಗೆ ಬದ್ಧರಾಗಿ ನಿಂತವರು. ಪಠ್ಯದ ಅನುಮತಿ ಪಡೆದು ಅದನ್ನು ವಾಚಿಸಿದವರು ಎನ್ನಬಹುದು.

ಗಮಕದ ಹೋಲಿಕೆಗೆ ಒಂದು ಮಿತಿಯೂ ಇದೆ. ಗಮಕಿಯ ವಾಚನ ಮುಗಿದ ಮೇಲೆ ಓಲೆಗರಿ ಹಾಗೆಯೇ ಇರುತ್ತದೆ. ನಾಳೆ ಬೇರೊಬ್ಬರು ಬೇರೆಯಾಗಿ ವಾಚಿಸಬಹುದು. ರೀಆಂಪ್ ಆದ ಧ್ವನಿಯಾದರೋ ಮುದ್ರಿತವಾಗಿ ತಾನೇ ಪಠ್ಯವಾಗುತ್ತದೆ, ಕೇಳುಗರಿಗೆ ದೊರೆಯುವ ಏಕೈಕ ಪಠ್ಯವೂ ಅದೇ. ಇಲ್ಲಿ ವಾಚನಕ್ಕೆ ಪಠ್ಯದ ಅಧಿಕಾರ ಬಂದುಬಿಡುತ್ತದೆ. ಆದುದರಿಂದಲೇ ವಾಚಕನ ಹೊಣೆ ಗಮಕಿಯ ಹೊಣೆಗಿಂತ ಭಾರವಾದುದು.

೬

ಇಂದಿನ ಬಳಕೆಯಲ್ಲಿ ಈ ಹೊಣೆ ಹಗುರವಾಗುತ್ತಿದೆಯೇ ಎಂಬ ಶಂಕೆಗೆ ಕಾರಣಗಳಿವೆ. ೧೯೯೮ರಲ್ಲಿ ಲೈನ್ ೬ ಸಂಸ್ಥೆಯ ‘ಆಂಪ್ ಫಾರ್ಮ್’ ತಂತ್ರಾಂಶ ಬಂದ ಮೇಲೆ ಆಂಪ್ಲಿಫೈಯರಿನ ಆಯ್ಕೆಯನ್ನು ಮುದ್ರಣವಾದ ನಂತರ ಗಣಕದ ಪರದೆಯ ಮೇಲೆಯೇ ಮಾಡುವುದು ಸಾಧ್ಯವಾಯಿತು. ೨೦೧೧ರಲ್ಲಿ ಹೊರಬಂದ ಕೆಂಪರ್ ಉಪಕರಣವು ನಿಜವಾದ ಆಂಪ್ಲಿಫೈಯರಿನ ವರ್ತನೆಯನ್ನು ಅಳೆದು ಅದರ ಪ್ರತಿರೂಪವನ್ನು ಸಂಗ್ರಹಿಸುವ ಅನುಕೂಲವನ್ನು ಒದಗಿಸಿತು. ವಾದಕನೊಬ್ಬ ಮನೆಯಲ್ಲಿ ನೇರ ಟ್ರ್ಯಾಕನ್ನು ಮುದ್ರಿಸಿ ಬೇರೆ ಊರಿನ ತಂತ್ರಜ್ಞನಿಗೆ ಕಳುಹಿಸುವುದು, ಅಲ್ಲಿ ಅದಕ್ಕೆ ದನಿ ಕೂಡುವುದು, ವಾದಕ ತನ್ನದೇ ವಾದನವನ್ನು ಕೊನೆಗೆ ಅಪರಿಚಿತ ಕಂಠದಲ್ಲಿ ಕೇಳುವುದು ಈಗ ಸಾಮಾನ್ಯ ಸಂಗತಿ.

ಅನುಕೂಲಗಳನ್ನು ಅಲ್ಲಗಳೆಯುವಂತಿಲ್ಲ. ನೆರೆಹೊರೆಯವರಿಗೆ ತೊಂದರೆಯಾಗದಂತೆ ರಾತ್ರಿಯಲ್ಲೂ ನುಡಿಸಬಹುದು. ಬೆಲೆಬಾಳುವ ಆಂಪ್ಲಿಫೈಯರನ್ನು ಒಂದು ದಿನಕ್ಕಷ್ಟೇ ಬಾಡಿಗೆಗೆ ತಂದು ಇಡೀ ಸಂಪುಟದ ಟ್ರ್ಯಾಕುಗಳನ್ನು ಅದರಿಂದ ನುಡಿಸಬಹುದು. ಒಳ್ಳೆಯ ವಾದನವೊಂದು ಕೆಟ್ಟ ದನಿಯ ಕಾರಣದಿಂದ ವ್ಯರ್ಥವಾಗದಂತೆ ಉಳಿಸಿಕೊಳ್ಳಬಹುದು. ಆಕ್ಷೇಪಿಸಬೇಕಾದದ್ದು ಅನುಕೂಲವನ್ನಲ್ಲ, ಅದರ ನೆರಳಿನಲ್ಲಿ ಬೆಳೆಯುವ ನಿರ್ಧಾರದ ಮುಂದೂಡಿಕೆಯನ್ನು. ‘ಈಗ ನುಡಿಸೋಣ, ದನಿಯನ್ನು ಆಮೇಲೆ ನೋಡಿಕೊಳ್ಳೋಣ’ ಎಂಬ ಮಾತಿನಲ್ಲಿ, ದನಿ ಎಂಬುದು ನುಡಿಸುವಿಕೆಯ ಭಾಗವಲ್ಲವೆಂಬ ಒಪ್ಪಿಗೆ ಅಡಗಿದೆ. ಪೆರಿಯವರ ನಾಲ್ಕು ಟ್ರ್ಯಾಕುಗಳಲ್ಲಿ ಮುಂದೂಡಲು ಸ್ಥಳವೇ ಇರಲಿಲ್ಲ. ಕೂಡಿಸಿ ಮುದ್ರಿಸಿದ್ದನ್ನು ಮತ್ತೆ ಬಿಡಿಸುವಂತಿರಲಿಲ್ಲ. ಇಕ್ಕಟ್ಟೇ ಅಲ್ಲಿ ವಿವೇಕವನ್ನು ಕಲಿಸಿತು. ಎಲ್ಲವನ್ನೂ ತೆರೆದಿಟ್ಟುಕೊಂಡ ಕೃತಿ ಒಂದರ್ಥದಲ್ಲಿ ಇನ್ನೂ ರಚನೆಯೇ ಆಗದ ಕೃತಿ.

ತಾಂತ್ರಿಕ ಸೂಕ್ಷ್ಮವೊಂದು ಈ ಮಾತನ್ನು ಪುಷ್ಟೀಕರಿಸುತ್ತದೆ. ಶಬ್ದವು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು ೩೪ ಸೆಂಟಿಮೀಟರ್ ಚಲಿಸುತ್ತದೆ. ಸ್ಪೀಕರಿನಿಂದ ಅಷ್ಟು ದೂರದಲ್ಲಿ ಮೈಕನ್ನಿಟ್ಟು ಪಡೆದ ಟ್ರ್ಯಾಕನ್ನು ನೇರ ಟ್ರ್ಯಾಕಿನೊಡನೆ ಸಮಪ್ರಮಾಣದಲ್ಲಿ ಬೆರೆಸಿದರೆ ೫೦೦, ೧೫೦೦, ೨೫೦೦ ಹರ್ಟ್ಸ್‌ಗಳ ಆಸುಪಾಸಿನ ಸ್ವರಾಂಶಗಳು ಒಂದನ್ನೊಂದು ರದ್ದುಗೊಳಿಸಿ ದನಿ ಟೊಳ್ಳಾಗುತ್ತದೆ. ಗಣಕದಲ್ಲಿ ಒಂದು ಟ್ರ್ಯಾಕನ್ನು ತುಸು ಸರಿಸಿ ಇದನ್ನು ನಿವಾರಿಸಬಹುದು. ಆ ಟೊಳ್ಳುತನವನ್ನೇ ಬಣ್ಣವಾಗಿ ಉಳಿಸಿಕೊಳ್ಳಲೂಬಹುದು. ಯಾವುದು ಸರಿ ಎಂಬುದನ್ನು ಅಳತೆ ಹೇಳುವುದಿಲ್ಲ, ಕಿವಿ ಹೇಳಬೇಕು. ಒಂದು ಮಿಲಿಸೆಕೆಂಡಿನ ಅಂತರವೂ ಇಲ್ಲಿ ವ್ಯಾಖ್ಯಾ‌ನದ ವಿಷಯ.

೭

ಈ ಚರ್ಚೆ ಗ್ರಂಥಾಲಯಗಳಿಗೂ ಧ್ವನಿಸಂಗ್ರಹಾಲಯಗಳಿಗೂ ಸಂಬಂಧಿಸಿದ್ದು. ೨೦೨೨ರಲ್ಲಿ ಬೀಟಲ್ಸ್ ತಂಡದ ‘ರಿವಾಲ್ವರ್’ ಸಂಪುಟವನ್ನು ಹೊಸದಾಗಿ ಮಿಕ್ಸ್ ಮಾಡುವಾಗ ಒಂದೇ ಟ್ರ್ಯಾಕಿನಲ್ಲಿ ಬೆರೆತುಹೋಗಿದ್ದ ವಾದ್ಯಗಳನ್ನು ಯಂತ್ರಕಲಿಕೆಯ ನೆರವಿನಿಂದ ಬೇರ್ಪಡಿಸಲಾಯಿತು. ೨೦೨೩ರ ‘ನೌ ಆ್ಯಂಡ್ ದೆನ್’ ಹಾಡಿಗಾಗಿ ಹಳೆಯ ಕ್ಯಾಸೆಟ್ಟಿನಿಂದ ಲೆನನ್ ಅವರ ಕಂಠವನ್ನು ಪ್ರತ್ಯೇಕಿಸಿದ್ದೂ ಇದೇ ಬಗೆಯ ವಿಧಾನದಿಂದ. ಬಿಡಿಸಲಾಗದೆಂದು ಭಾವಿಸಿದ್ದನ್ನು ಬಿಡಿಸಬಹುದಾದರೆ, ಹಾಗೆ ಬಿಡಿಸಿದುದನ್ನು ಹೊಸ ಪೆಡಲು, ಹೊಸ ಆಂಪ್ಲಿಫೈಯರುಗಳ ಮೂಲಕ ನುಡಿಸುವುದೂ ಸಾಧ್ಯ. ಹಳೆಯ ಧ್ವನಿಮುದ್ರಿಕೆಗಳೆಲ್ಲ ತಾತ್ವಿಕವಾಗಿ ಈಗ ಮರುವಾಚನಕ್ಕೆ ತೆರೆದುಕೊಂಡಿವೆ.

ಹಸ್ತಪ್ರತಿಗಳ ಅಧ್ಯಯನದಲ್ಲಿ ನುರಿತ ಕನ್ನಡ ವಿದ್ವಾಂಸರಿಗೆ ಈ ಸನ್ನಿವೇಶ ಅಪರಿಚಿತವೇನಲ್ಲ. ಡಿ.ಎಲ್. ನರಸಿಂಹಾಚಾರ್ ಅವರಂಥವರು ನೆಲೆಗೊಳಿಸಿದ ಗ್ರಂಥಸಂಪಾದನೆಯ ಶಿಸ್ತು ಪಾಠಾಂತರಗಳನ್ನು ಅಳಿಸಿಹಾಕುವುದಿಲ್ಲ. ಯಾವ ಪ್ರತಿಯಲ್ಲಿ ಯಾವ ಪಾಠವಿದೆಯೆಂದು ದಾಖಲಿಸಿ ಓದುಗನ ಮುಂದಿಡುತ್ತದೆ. ಧ್ವನಿಸಂಗ್ರಹಗಳಿಗೂ ಅದೇ ಶಿಸ್ತು ಬೇಕು. ನೇರ ಟ್ರ್ಯಾಕನ್ನಷ್ಟೇ ‘ಮೂಲ’ವೆಂದು ಕಾಪಿಟ್ಟು ಉಳಿದುದನ್ನು ಕೈಬಿಡುವುದು ಸಂವಾದದ ಅರ್ಧವನ್ನು ಕಳೆದುಕೊಂಡಂತೆ. ಪೆಡಲುಗಳ ಅನುಕ್ರಮ, ಗುಂಡಿಗಳ ಸ್ಥಾನ, ಮೈಕಿನ ಅಂತರ, ಕೆಲಸ ಮಾಡಿದವರ ಹೆಸರು, ದಿನಾಂಕ ಇವನ್ನು ಬರೆದಿಡುವುದು ಅಗತ್ಯ. ಆದರೆ ಅಷ್ಟೇ ಸಾಲದು. ಹಳೆಯ ಫಜ್ ಪೆಡಲುಗಳಲ್ಲಿರುವ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳ ವರ್ತನೆ ಕೋಣೆಯ ಉಷ್ಣತೆಯೊಡನೆ ಬದಲಾಗುತ್ತದೆ. ಆಂಪ್ಲಿಫೈಯರಿನ ವಾಲ್ವುಗಳು ಸವೆಯುತ್ತವೆ. ಸ್ಪೀಕರಿನ ಕಾಗದದ ಶಂಕು ಹಳತಾಗುತ್ತದೆ. ಗುಂಡಿಗಳನ್ನು ಅದೇ ಸ್ಥಾನಕ್ಕೆ ತಂದರೂ ಅಂದಿನ ದನಿ ಮರಳುವುದಿಲ್ಲ. ಆದ್ದರಿಂದ ವಾದಕನು ನುಡಿಸುವಾಗ ಕೇಳಿದ ದನಿ, ನೇರ ಟ್ರ್ಯಾಕು, ರೀಆಂಪ್ ಆದ ಟ್ರ್ಯಾಕು ಈ ಮೂರನ್ನೂ ಬೇರೆಬೇರೆ ಪಾಠಗಳೆಂದು ಗುರುತಿಸಿ ಒಟ್ಟಿಗೆ ರಕ್ಷಿಸುವುದು ಯೋಗ್ಯವಾದ ಮಾರ್ಗ. ಮುಂದೆ ಯಾರಾದರೂ ಹಳೆಯ ಟ್ರ್ಯಾಕಿಗೆ ಹೊಸ ದನಿ ಕೂಡಿಸಿದರೆ ಅದನ್ನು ಪುನಃಸ್ಥಾಪನೆ ಎನ್ನದೆ ಹೊಸ ಪಾಠವೆಂದೇ ನಮೂದಿಸಬೇಕು.

ವಿಮರ್ಶೆಯ ಕೆಲಸವೂ ಇಲ್ಲಿಂದಲೇ ಆರಂಭವಾಗುತ್ತದೆ. ಪೆಡಲು, ಆಂಪ್ಲಿಫೈಯರುಗಳ ಮೂಲಕ ಹಾದುಬಂದ ಧ್ವನಿಮುದ್ರಣವನ್ನು ಕೇಳುವಾಗ ಯಾವ ಉಪಕರಣ ಬಳಸಿದರೆಂದು ಪತ್ತೆಹಚ್ಚುವುದರಲ್ಲಿ ತೃಪ್ತರಾಗದೆ, ಕೈ ಕೊಟ್ಟ ಉತ್ತರಕ್ಕೂ ಕಂಠ ಕೇಳುತ್ತಿರುವ ಪ್ರಶ್ನೆಗೂ ಹೊಂದಿಕೆ ಇದೆಯೇ, ಇಲ್ಲವಾದರೆ ಆ ಹೊಂದದಿರುವಿಕೆಯಿಂದ ಹೊಸ ಅರ್ಥವೇನಾದರೂ ಹುಟ್ಟಿದೆಯೇ ಎಂದು ವಿಚಾರಿಸಬೇಕು. ತಂತಿಯನ್ನು ಮೀಟಿದವನೂ ಗುಂಡಿಯನ್ನು ತಿರುಗಿಸಿದವನೂ ಪರಸ್ಪರ ಕೇಳಿಸಿಕೊಂಡಿದ್ದಾರೆಂಬ ನಂಬಿಕೆ ಕೇಳುಗನಲ್ಲಿ ಹುಟ್ಟಿದಾಗ ಮಾತ್ರ ಆ ಎರಡು ಕೆಲಸಗಳು ಕೂಡಿ ಒಂದು ಕೃತಿಯಾಗುತ್ತವೆ.